ಹಿಲಾಲ್ ಮಲಗಿದ್ದ ಚಳಿಗಾಲ

ಕಳೆದ ಸೋಮವಾರ ಇದ್ದಿನಬ್ಬ ನನ್ನ ಕ್ಲಿನಿಕ್ಕಿಗೆ ಬಂದು ಮೇಜಿನ ಮೇಲೆ ಒಂದು ಡಬ್ಬ ಖರ್ಜೂರ ಇಟ್ಟರು. ಮುಚ್ಚಳ ತೆಗೆದದ್ದೇ ತಡ, ಫಿನಾಯಿಲು, ಬೆಕ್ಕಿನ ಔಷಧಿ, ಒದ್ದೆ ನಾಯಿ, ಈ ಎಲ್ಲ ವಾಸನೆಗಳನ್ನೂ ಬದಿಗೆ ತಳ್ಳಿ ಜೋನಿಬೆಲ್ಲದಂಥ ಆ ಸಿಹಿ ವಾಸನೆ ಕೋಣೆಯೆಲ್ಲ ತುಂಬಿಕೊಂಡಿತು. ಪ್ರತಿ ವರ್ಷ ಹೊಸ ಹಣ್ಣು ಬಂದಾಗ ಅವರು ಹೀಗೆ ತಂದುಕೊಡುತ್ತಾರೆ. ಪ್ರತಿ ವರ್ಷ ನಾನು "ಯಾಕೆ ಭಾಯಿ ಇದೆಲ್ಲ" ಅನ್ನುತ್ತೇನೆ. ಅವರು ನಗುತ್ತಾರೆ, ಹಾಲಿಲ್ಲದ ಚಹಾ ಕುಡಿಯುತ್ತಾರೆ, ಖರ್ಜೂರ ಮಾತ್ರ ಒಂದನ್ನೂ ಮುಟ್ಟದೆ ಎದ್ದು ಹೋಗುತ್ತಾರೆ.

ಈ ಸಲ ಏಳುವ ಮೊದಲು ಹೇಳಿದರು: "ಇದು ಕೊನೇದು ಡಾಕ್ಟ್ರೇ. ಇಲ್ಲಿ ಇರ್ಲಿಕ್ಕೆ ಇದ್ದ ಇಕಾಮಾ ಕ್ಯಾನ್ಸಲ್ ಮಾಡಿಸಿ ಆಯ್ತು. ಸಣ್ಣ ಮಗಳು ಹೆರಿಗೆಗೆ ಬಂದಿದ್ದಾಳೆ, ಅವಳ ಬಾಣಂತನ ನೋಡಿಕೊಂಡು ಊರಲ್ಲೇ ಇರುದು. ಶುಕ್ರವಾರ ಬೆಳಿಗ್ಗೆ ಫ್ಲೈಟ್. ಇಲ್ಲಿದ್ದು ಖಲಾಸ್."

"ಏರ್‌ಪೋರ್ಟಿಗೆ ನಾನೇ ಬಿಡ್ತೀನಿ" ಅಂದೆ.

ಉಪಕಾರಕ್ಕೆ ಅಂದದ್ದಲ್ಲ. ನಾಲ್ಕು ವರ್ಷದಿಂದ ಒಂದು ಸುಳ್ಳು ನಮ್ಮಿಬ್ಬರ ನಡುವೆ ಕೂತಿತ್ತು. ಹೇಳಿದವನು ನಾನು, ನಂಬಿದವರು ಅವರು. ಅವರು ಖರ್ಜೂರ ಮುಟ್ಟದಿರುವುದಕ್ಕೂ ಅದೇ ಕಾರಣ. ಊರಿಗೆ ಹೋಗುವ ಮೊದಲು ನಿಜ ಹೇಳದಿದ್ದರೆ ಇನ್ನು ಯಾವತ್ತೂ ಹೇಳಲಾರೆ ಎಂದು ನನಗೆ ಗೊತ್ತಿತ್ತು. ಶುಕ್ರವಾರದವರೆಗಿನ ದಿನಗಳಲ್ಲಿ ಆ ಒಂದು ಚಳಿಗಾಲವನ್ನೇ ಮನಸ್ಸು ಮತ್ತೆ ಮತ್ತೆ ಸುತ್ತಿತು.

ನಾನು ಮಧುಗಿರಿ ಕಡೆಯವನು. ಹೆಬ್ಬಾಳದಲ್ಲಿ ಪಶುವೈದ್ಯ ಓದಿ, ಏಳೆಂಟು ವರ್ಷ ಸೀಮೆಹಸು, ಕುರಿಗಳ ಹಿಂದೆ ಓಡಾಡಿ, ಹೆಂಡತಿಗೆ ಕೊಲ್ಲಿ ದೇಶದ ಈ ಊರಲ್ಲಿ, ಶರ್ಕ್‌ನ ಒಂದು ಬ್ಯಾಂಕಿನಲ್ಲಿ ಕೆಲಸ ಸಿಕ್ಕಿದ್ದರಿಂದ ಅವಳ ಬೆನ್ನಿಗೆ ಬಂದವನು. ಇಲ್ಲಿ ನನ್ನ ಪಾಲಿಗೆ ಬಂದದ್ದು ಸಾಕುಬೆಕ್ಕಿನ ಅಜೀರ್ಣ, ಬೇಟೆಗಿಡುಗದ ಅಂಗಾಲಿನ ಹುಣ್ಣು. ಹಾಗಾಗಿ ಬು ಸಾಲೆಮ್ ಫೋನ್ ಮಾಡಿ "ಡಾಕ್ಟರ್, ನನ್ನ ಹತ್ತಿರ ಒಂದು ಕರಡಿ ಇದೆ, ಬಂದು ನೋಡು" ಎಂದಾಗ, ನಿಜ ಹೇಳಬೇಕೆಂದರೆ, ನನಗೆ ಕೊಂಬು ಬಂದ ಹಾಗಾಯಿತು. ಬು ಸಾಲೆಮ್ ಎಂದರೆ ಸಾಲೆಮ್‌ನ ಅಪ್ಪ. ಇಲ್ಲಿ ಹಿರಿಯರನ್ನು ಹಿರಿಮಗನ ಹೆಸರಿನಿಂದಲೇ ಕರೆಯುವುದು. ಸುಲೈಬಿಯಾದಲ್ಲಿ ಅವರದೊಂದು ತೋಟ. ಬಲೆಯ ಕೆಳಗೆ ಸೌತೆ, ಟೊಮೆಟೊ, ಬೇಲಿಯುದ್ದಕ್ಕೂ ಖರ್ಜೂರದ ಮರ, ಮೇಕೆ, ನವಿಲು, ಎರಡು ಜಿಂಕೆ. ಅದೆಲ್ಲವನ್ನೂ ನೋಡಿಕೊಳ್ಳುತ್ತಿದ್ದವರು ಇದ್ದಿನಬ್ಬ, ಉಪ್ಪಿನಂಗಡಿಯ ಬ್ಯಾರಿ, ಆಗಲೇ ಐವತ್ತು ದಾಟಿದವರು.

ನಮ್ಮೂರ ಗುಡ್ಡದಲ್ಲಿ ಕರಡಿ ಹೊಸದಲ್ಲ. ಸೀತಾಫಲದ ಕಾಲದಲ್ಲಿ ಹೊಲದ ಬದುವಿಗೇ ಬರುತ್ತವೆ. ಗೆದ್ದಲುಹುತ್ತಕ್ಕೆ ಮೂತಿಯಿಟ್ಟು ಸೊರ್ರನೆ ಎಳೆಯುವ ಸದ್ದನ್ನು ನಾನು ಮೂರನೇ ಕ್ಲಾಸಿನಲ್ಲೇ ಕೇಳಿದ್ದೆ. ತಾಯಿ ಕರಡಿ ಎರಡು ಮರಿಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಬಂಡೆ ಇಳಿಯುವುದನ್ನು ನೋಡಿದ್ದೆ. ಇದನ್ನೆಲ್ಲ ಮೊದಲ ದಿನವೇ ಬು ಸಾಲೆಮ್ ಮುಂದೆ ಬಡಾಯಿ ಕೊಚ್ಚಿದೆ. ಕರಡಿ ಎಂದರೆ ನಮ್ಮ ಮನೆಯ ಬೆಕ್ಕಿದ್ದ ಹಾಗೆ ಎನ್ನುವಷ್ಟು ದೂರ ಹೋದೆ.

ಆದರೆ ಆ ಸೆಪ್ಟೆಂಬರಿನಲ್ಲಿ ಸರಳಿನ ಆಚೆ ಎದ್ದು ನಿಂತದ್ದು ನಮ್ಮ ಗುಡ್ಡದ ಕರಡಿಯಲ್ಲ. ಹಿಮಾಲಯದ ಕಡೆಯ ಕಪ್ಪು ಕರಡಿ. ನಮ್ಮದರ ಕೂದಲು ಜಡೆಗಟ್ಟಿ ಕೆದರಿರುತ್ತದೆ. ಇದರದು ನಯವಾಗಿ ಹೊಳೆಯುತ್ತಿತ್ತು. ನಮ್ಮದರ ಮೂತಿ ಉದ್ದ, ಉಗುರು ಬಿಳಿ. ಇದಕ್ಕೆ ಮೋಟು ಕಪ್ಪು ಉಗುರು, ದುಂಡನೆಯ ದೊಡ್ಡ ಕಿವಿ, ಕುತ್ತಿಗೆ ಸುತ್ತ ದಪ್ಪ ಕೂದಲಿನ ಕಾಲರು. ಎದೆಯ ಮೇಲೆ ಬೆಳ್ಳಗೆ ಬಿದಿಗೆ ಚಂದ್ರ. ಆ ಗುರುತು ನೋಡಿಯೇ ಮಕ್ಕಳು ಹಿಲಾಲ್ ಎಂದು ಹೆಸರಿಟ್ಟಿದ್ದರು, ಹಬ್ಬದ ಚಂದ್ರನ ಹೆಸರು. "ಇದು ಹೆಣ್ಣು, ಗಂಡಿನ ಹೆಸರಿಟ್ಟಿದ್ದೀರಿ" ಎಂದೆ. "ಮಕ್ಕಳು ಈಗ ಬೇರೆ ಹೆಸರು ಒಪ್ಪಲ್ಲ" ಎಂದು ಬು ಸಾಲೆಮ್ ನಕ್ಕರು. ಎಲ್ಲಿಂದ ಬಂತು ಎಂದು ಕೇಳಿದ್ದಕ್ಕೆ, ಗೆಳೆಯನೊಬ್ಬನ ಉಡುಗೊರೆ, ಆಗಸ್ಟಿನಲ್ಲಿ ಬಂತು ಎಂದರು. ಇಂಥ ಪ್ರಾಣಿಗಳ ವಿಷಯದಲ್ಲಿ ಇಲ್ಲಿ ಎರಡನೆಯ ಪ್ರಶ್ನೆ ಕೇಳುವ ರೂಢಿಯಿಲ್ಲ. ನಾನೂ ಕೇಳಲಿಲ್ಲ.

ಬು ಸಾಲೆಮ್ ಒಳ್ಳೆಯ ಮನುಷ್ಯ. ಬೆಟ್ಟದ ಪ್ರಾಣಿಗೆ ಸೆಕೆಯಾಗಬಾರದು ಎಂದು ಅದಕ್ಕೊಂದು ಕೋಣೆ ಕಟ್ಟಿಸಿ ಎ.ಸಿ.ಯನ್ನು ಹದಿನಾರಕ್ಕೆ ಇಡಿಸಿದ್ದರು. ಕೋಣೆಯ ಮುಂದೆ ಸರಳು ಹಾಕಿದ ದೊಡ್ಡ ಆವರಣ, ಅದರ ನಡುವೆ ಒಂದು ಹಳೆಯ ಸಿದ್ರ್ ಮರ. ಸಿದ್ರ್ ಎಂದರೆ ನಮ್ಮ ಎಲಚಿಯ ಜಾತಿಯೇ. ಹಿಲಾಲ್ ಸಂಜೆಯಾದರೆ ಆ ಮುಳ್ಳುಮರ ಹತ್ತಿ, ಕೊಂಬೆಗಳನ್ನು ಒಂದೊಂದಾಗಿ ತನ್ನ ಕಡೆಗೆ ಬಗ್ಗಿಸಿ ಮುರಿದು, ಕುಂಡಿಯ ಕೆಳಗೆ ಸೇರಿಸಿಕೊಂಡು, ಅದರ ಮೇಲೆ ಕೂತು ಕಾಯಿ ತಿನ್ನುತ್ತಿತ್ತು. ಅಟ್ಟಣೆ ಕಟ್ಟಿಕೊಂಡು ಉಣ್ಣುವ ಕರಡಿಯನ್ನು ನಾನು ಅದೇ ಮೊದಲು ನೋಡಿದ್ದು.

ಊಟಕ್ಕೆ ಏನು ಕೊಡಬೇಕು ಎಂದು ಕೇಳಿದಾಗ ನಾನು ನಮ್ಮ ಕಡೆಯ ಬುದ್ಧಿಯನ್ನೇ ಓಡಿಸಿದೆ. ಅಂಗಡಿಯಿಂದ ರಾಗಿಹಿಟ್ಟು ತರಿಸಿ, ಬೆಲ್ಲ ಹಾಕಿ ಅಂಬಲಿ ಕಾಯಿಸಲು ಹೇಳಿದೆ. ಇದ್ದಿನಬ್ಬ ಸೌಟು ಆಡಿಸುತ್ತಾ ನನ್ನ ಕಾಲೆಳೆದರು.

"ಎಂತ ಡಾಕ್ಟ್ರೇ, ಕರಡಿಯನ್ನೂ ಘಟ್ಟದ ಮೇಲಿನವರ ಹಾಗೆ ಮಾಡ್ತೀರಾ? ನಾಳೆ ಮುದ್ದೆ ಕೇಳ್ತದೆ ಅದು."

"ಕೇಳಿದ್ರೆ ಕೊಡಿ. ನಿಮ್ಮ ಕಡೆ ಕುಚ್ಚಲಕ್ಕಿ ಗಂಜಿಗಿಂತ ವಾಸಿ" ಅಂದೆ.

ಹಿಲಾಲ್ ಅಂಬಲಿ ಕುಡಿಯಿತು. ಆದರೆ ಜೀವ ಬಿಡುತ್ತಿದ್ದದ್ದು ಖರ್ಜೂರಕ್ಕೆ. ಇದ್ದಿನಬ್ಬ ಖರ್ಜೂರದ ಬುಟ್ಟಿ ಹಿಡಿದು ತೋಟದ ಆ ಕೊನೆಯಿಂದ ಹೊರಟರೆ ಈ ಕೊನೆಯಲ್ಲಿ ಅದರ ಮೂಗು ಆಡತೊಡಗುತ್ತಿತ್ತು. ಆ ಖರ್ಜೂರದಿಂದಲೇ ಅವರು ಅದಕ್ಕೊಂದು ಅಭ್ಯಾಸ ಮಾಡಿಸಿದ್ದರು. ಸರಳಿನ ಹತ್ತಿರ ಕುಕ್ಕರಗಾಲಲ್ಲಿ ಕೂತು, "ಬಾ ಮಾರಾಯ್ತಿ, ಕೈ ಕೊಡು" ಎನ್ನುವರು. ಅದು ಬಂದು, ಸರಳಿನ ಸಂದಿಯಿಂದ ಮುಂಗಾಲು ಹೊರಗೆ ಚಾಚಿ, ಇನ್ನೊಂದು ಸಂದಿಯಲ್ಲಿ ಬಾಯಿ ಇಟ್ಟು ಕಾಯುವುದು. ಅವರು ಬಾಯಿಗೊಂದು ಖರ್ಜೂರ ಹಾಕಿ, ಚಾಚಿದ ಕೈಯನ್ನು ಒತ್ತಿ, ಉಗುರು ನೋಡಿ, ಚಿವುಟಿ ಬಿಡುವರು. ನವೆಂಬರಿನ ಹೊತ್ತಿಗೆ ನಾನು ಅದೇ ಕೈಗೆ ಸೂಜಿ ಚುಚ್ಚಿ ಲಸಿಕೆ ಹಾಕಿದರೂ ಅದು ಮಿಸುಕಲಿಲ್ಲ.

"ಇದನ್ನ ಯಾವ ಝೂನಲ್ಲಿ ಕಲಿತ್ರಿ ಭಾಯಿ?"

"ಎಂತ ಝೂ! ಸಣ್ಣ ಮಗಳಿಗೆ ಬಳೆ ಹಾಕಿದ್ದು ಹೀಗೇ. ಒಂದು ಕೈಲಿ ಮಿಠಾಯಿ, ಒಂದು ಕೈಲಿ ಬಳೆ. ನಾವು ಮೋಸ ಮಾಡುದಿಲ್ಲ ಅಂತ ಗೊತ್ತಾಗ್ಬೇಕು, ಅಷ್ಟೆ."

ಆ ವರ್ಷ ಚಳಿ ಬೇಗ ಬಂತು. ಮೊದಲ ಮಳೆಗೆ ಮರಳಿನ ಬಣ್ಣ ಗಾಢವಾಗಿ, ಸುಲೈಬಿಯಾದ ಹಸುದೊಡ್ಡಿಗಳ ವಾಸನೆ ಎದ್ದು, ಊರಿಗೆ ಊರೇ ಮರುಭೂಮಿಯಲ್ಲಿ ಡೇರೆ ಹಾಕಲು ಹೊರಟಿತ್ತು. ಬು ಸಾಲೆಮ್ ಮನೆಯವರೂ ಡೇರೆಗೆ ಹೋದರು. ಹಿಲಾಲ್ ಮಾತ್ರ ತಿನ್ನುವುದರಲ್ಲೇ ಮುಳುಗಿತ್ತು. ಅಂಬಲಿ, ಕುಂಬಳಕಾಯಿ, ಮೊಟ್ಟೆ, ಬಾದಾಮಿ, ಬುಟ್ಟಿಗಟ್ಟಲೆ ಖರ್ಜೂರ. ನಡೆದರೆ ಮೈಮೇಲಿನ ಕೊಬ್ಬು ಅಲೆ ಅಲೆಯಾಗಿ ಆಡುತ್ತಿತ್ತು. ಇಷ್ಟೇಕೆ ಕೊಡುತ್ತೀರಿ ಎಂದರೆ ಇದ್ದಿನಬ್ಬ, "ಕೇಳ್ತಾಳೆ, ಕೊಡ್ತೇನೆ. ಹಸಿದವರಿಗೆ ಇಲ್ಲ ಅನ್ಲಿಕ್ಕೆ ನನ್ನಿಂದ ಆಗುದಿಲ್ಲ" ಎನ್ನುವರು.

ಡಿಸೆಂಬರಿನಲ್ಲಿ ಒಂದು ದಿನ ಹೋದಾಗ ಬುಟ್ಟಿಯಲ್ಲಿ ಖರ್ಜೂರ ಹಾಗೇ ಇತ್ತು. ಹಿಲಾಲ್ ಖರ್ಜೂರದ ಮರದ ಒಣಗರಿಗಳನ್ನು ಆವರಣದಿಂದ ಕೋಣೆಯೊಳಕ್ಕೆ ಎಳೆದುಕೊಂಡು ಹೋಗುತ್ತಿತ್ತು. ಗೋಣಿಚೀಲವೊಂದನ್ನು ಸಣ್ಣಗೆ ಸೀಳಿ ಮೂಲೆಯಲ್ಲಿ ಹಾಸಿತ್ತು. ಹಾಸುವುದು, ಸುತ್ತು ಹಾಕಿ ನೋಡುವುದು, ತೆಗೆದು ಮತ್ತೆ ಹಾಸುವುದು. ಇದ್ದಿನಬ್ಬ ಇನ್ನಷ್ಟು ಗರಿ ಕಡಿದು ಸರಳಿನ ಸಂದಿಯಿಂದ ತೂರಿಸುತ್ತಿದ್ದರು. ವಾರ ಕಳೆಯುವಷ್ಟರಲ್ಲಿ ಅದು ಊಟ ಪೂರ್ತಿ ಬಿಟ್ಟು, ಆ ಗೂಡಿನಲ್ಲಿ ಮೂತಿಯನ್ನು ಹೊಟ್ಟೆಗೆ ಒತ್ತಿಕೊಂಡು ಮಲಗಿಬಿಟ್ಟಿತು.

ಚಳಿದೇಶದ ಕರಡಿಗಳು ಚಳಿಗಾಲವಿಡೀ ಮಲಗುತ್ತವೆ ಎಂದು ಶಾಲೆಯ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಅವು ಮಲಗುವುದು ಹಿಮ ಮುಚ್ಚಿ ತಿನ್ನಲು ಏನೂ ಸಿಗದಿದ್ದಾಗ, ಇಲ್ಲಿ ದಿನಕ್ಕೆ ಮೂರು ಹೊತ್ತು ಬೋಗುಣಿ ತುಂಬ ಊಟ, ಮಲಗಲು ಕಾರಣವೇ ಇಲ್ಲ ಎಂದು ನಾನೇ ತೀರ್ಪು ಕೊಟ್ಟುಕೊಂಡೆ. ನಮ್ಮ ಗುಡ್ಡದ ಕರಡಿ ಯಾವ ಚಳಿಗಾಲದಲ್ಲೂ ಊಟ ಬಿಟ್ಟಿದ್ದನ್ನು ನಾನು ಕಂಡಿರಲಿಲ್ಲ, ಕೇಳಿರಲಿಲ್ಲ. ಊಟ ಬಿಟ್ಟ ಕರಡಿ ಎಂದರೆ ನನ್ನ ಲೆಕ್ಕದಲ್ಲಿ ಕಾಯಿಲೆ ಬಿದ್ದ ಕರಡಿ. ಒಂದು ಪುಸ್ತಕ ತೆಗೆದು ನೋಡಬಹುದಿತ್ತು. ಫೋನು ಜೇಬಿನಲ್ಲೇ ಇತ್ತು. ಕರಡಿಯ ಬಗ್ಗೆ ಮಧುಗಿರಿಯವನು ಪುಸ್ತಕ ನೋಡುವುದೇ?

"ಮಲಗಿದ್ದು ಡಾಕ್ಟ್ರೇ ಅವಳು" ಎಂದರು ಇದ್ದಿನಬ್ಬ. "ಉಸಿರು ನೋಡಿ, ಎಷ್ಟು ನಿಧಾನ. ಆದ್ರೂ ನಾನು ಬಾಗಿಲಿಗೆ ಬಂದ್ರೆ ಕಿವಿ ಆಡ್ತದೆ. ನೋವು ಉಂಟಾದ್ರೆ ಪ್ರಾಣಿ ಹೀಗೆ ಮಲಗ್ಲಿಕ್ಕಿಲ್ಲ. ಬಿಡಿ ಅವಳನ್ನು."

"ಭಾಯಿ, ಕರಡಿ ನಮ್ಮೂರ ಪ್ರಾಣಿ. ನೀವು ಸಮುದ್ರದ ಕಡೆಯೋರು. ಮೀನಿನ ವಿಷಯ ಬಂದಾಗ ನಿಮ್ಮನ್ನೇ ಕೇಳ್ತೀನಿ" ಎಂದು ತಮಾಷೆ ಮಾಡಿದೆ.

"ಉಪ್ಪಿನಂಗಡಿಯಲ್ಲಿ ಎಂತ ಸಮುದ್ರ ಮಾರಾಯ್ರೆ? ಅಲ್ಲಿರುದು ಹೊಳೆ" ಎಂದು ಅವರೂ ನಕ್ಕರು. ಆ ನಗು ಈಗ ನೆನಪಾದರೆ ಮೈ ಉರಿಯುತ್ತದೆ.

ಜನವರಿ ಶುರುವಿನಲ್ಲಿ ಬು ಸಾಲೆಮ್ ಡೇರೆಯಿಂದ ಬಂದು ನೋಡಿ ಗಾಬರಿಯಾದರು. ಮೂರು ವಾರದಿಂದ ಒಂದು ತುತ್ತು ತಿಂದಿಲ್ಲ, ಕೋಣೆಯಲ್ಲಿ ಒಂದು ಹನಿ ಉಚ್ಚೆಯ ಗುರುತಿಲ್ಲ. ರಕ್ತ ಪರೀಕ್ಷೆ ಮಾಡೋಣ ಎಂದೆ. ಇದ್ದಿನಬ್ಬ ಸರಳಿನ ಹತ್ತಿರ ಕೂತು ಕರೆದರು. ಬಹಳ ಹೊತ್ತಿನ ಮೇಲೆ ಹಿಲಾಲ್ ಎದ್ದು ಬಂತು. ತಲೆಯ ಮೇಲೆ ಗರಿಯ ಚೂರು, ಕಣ್ಣು ಅರ್ಧ ಮುಚ್ಚಿತ್ತು. ಕೈ ಚಾಚಿತು. ಬಾಯಿಗೆ ಹಾಕಿದ ಖರ್ಜೂರ ಹಾಗೇ ಕೆಳಗೆ ಬಿತ್ತು. ನಾನು ರಕ್ತ ತೆಗೆದುಕೊಂಡ ಮೇಲೆ ತೂರಾಡುತ್ತ ಹೋಗಿ ಮತ್ತೆ ಗೂಡಿನಲ್ಲಿ ಸುತ್ತಿಕೊಂಡಿತು.

ರಿಪೋರ್ಟಿನಲ್ಲಿ ಕ್ರಿಯಾಟಿನಿನ್ ಇರಬೇಕಾದ್ದಕ್ಕಿಂತ ಬಹಳ ಮೇಲಿತ್ತು. ಉಚ್ಚೆ ಇಲ್ಲ, ಊಟ ಇಲ್ಲ, ಕ್ರಿಯಾಟಿನಿನ್ ಏರಿದೆ: ಯಾವ ಪಶುವೈದ್ಯನೂ ಕಣ್ಣುಮುಚ್ಚಿ ಕಿಡ್ನಿ ಕೈಕೊಟ್ಟಿದೆ ಎನ್ನುತ್ತಾನೆ. ಒಂದೇ ಒಂದು ವಿಚಿತ್ರವಿತ್ತು. ಕಿಡ್ನಿ ಕೆಟ್ಟರೆ ಯೂರಿಯಾ ಕೂಡ ಏರಬೇಕು. ಅದು ತೀರ ಕೆಳಗಿತ್ತು. ಲ್ಯಾಬಿನವರ ತಪ್ಪಿರಬೇಕು ಎಂದುಕೊಂಡು ಆ ಸಾಲನ್ನು ದಾಟಿ ಮುಂದಕ್ಕೆ ಹೋದೆ. ನನ್ನ ಇಡೀ ವೃತ್ತಿಯಲ್ಲಿ ಅಷ್ಟು ಸಲೀಸಾಗಿ ದಾಟಿದ ಸಾಲು ಇನ್ನೊಂದಿಲ್ಲ.

ಮರುದಿನ ಮತ್ತಿನ ಸೂಜಿ ಕೊಟ್ಟು ಡ್ರಿಪ್ ಹಾಕುವುದೆಂದು ತೀರ್ಮಾನವಾಯಿತು. "ಏನು ಬೇಕಾದರೂ ಮಾಡು ಡಾಕ್ಟರ್, ಉಳಿಸು" ಎಂದರು ಬು ಸಾಲೆಮ್. ಮರುದಿನ ಮಧ್ಯಾಹ್ನ ನಾನು ಸಿರಿಂಜು ತುಂಬುವಾಗ ಇದ್ದಿನಬ್ಬ ನನ್ನನ್ನು ಬದಿಗೆ ಕರೆದರು.

"ಎರಡು ದಿನ ಬಿಟ್ಟು ನೋಡುವಾ ಡಾಕ್ಟ್ರೇ. ನನ್ನ ಮನಸ್ಸು ಯಾಕೋ ಬೇಡ ಹೇಳ್ತದೆ."

"ಎರಡು ದಿನ ಅಂದ್ರೆ ಸತ್ತೋಗುತ್ತೆ ಭಾಯಿ. ಕರೀರಿ. ಯಲ್ಲಾ, ಬೇಗ."

ಅವರು ಕೂತು ಕರೆದರು. "ಬಾ ಮಾರಾಯ್ತಿ." ಗೂಡಿನಲ್ಲಿ ಕಿವಿ ಆಡಿತು, ಅಷ್ಟೆ. ಎರಡನೆಯ ಸಲ ಕರೆದರು. ತಲೆ ಎತ್ತಿ ನೋಡಿ ಮತ್ತೆ ಹೊಟ್ಟೆಗೆ ಒತ್ತಿಕೊಂಡಿತು. ಇದ್ದಿನಬ್ಬ ನನ್ನ ಮುಖ ನೋಡಿದರು. ನಾನು ಸಿರಿಂಜು ಹಿಡಿದು ನಿಂತಿದ್ದೆ. ಮೂರನೆಯ ಸಲ ಅವರ ದನಿ ಒಡೆದ ಹಾಗಿತ್ತು. "ಬಾ ಮಗಳೇ, ಕೈ ಕೊಡು." ಹಿಲಾಲ್ ಎದ್ದಿತು. ಒಂದೊಂದೇ ಹೆಜ್ಜೆ ಇಟ್ಟು ಬಂದು, ಕಣ್ಣು ತೆರೆಯದೆಯೇ, ಸಂದಿಯಿಂದ ಕೈ ಹೊರಗೆ ಚಾಚಿತು. ನಾನು ಚುಚ್ಚಿದೆ. ವಾಪಸು ಗೂಡಿಗೆ ಹೋಗಲಿಲ್ಲ, ಅಲ್ಲೇ ಸರಳಿಗೆ ಒರಗಿ ಕುಸಿಯಿತು.

ಔಷಧಿಯನ್ನು ಅದರ ತೂಕ ನೋಡಿ ಕೊಟ್ಟಿದ್ದೆ. ತೂಕ ಕೊಬ್ಬಿನದು, ಹೃದಯ ನಿದ್ದೆಯಲ್ಲಿದ್ದದ್ದು ಎಂಬುದು ನನ್ನ ತಲೆಗೆ ಹೋಗಿರಲಿಲ್ಲ. ಡ್ರಿಪ್ಪಿನ ಎರಡನೆಯ ಬಾಟಲಿ ಅರ್ಧವಾಗುವಷ್ಟರಲ್ಲಿ ನಾಡಿ ಇಳಿಯಿತು. ಮತ್ತಿಳಿಸುವ ಮರುಮದ್ದು ಕೊಟ್ಟೆ. ಆ ಬಿಳಿ ಚಂದ್ರನ ಮೇಲೆ ಎರಡೂ ಅಂಗೈ ಇಟ್ಟು ಒತ್ತಿದೆ, ಬೆವರು ಅದರ ಮೈಮೇಲೆ ಬೀಳುವವರೆಗೆ ಒತ್ತಿದೆ. ಪಕ್ಕದ ಮಸೀದಿಯಲ್ಲಿ ಇಳಿಹೊತ್ತಿನ ಅಸರ್ ಬಾಂಗು ಮುಗಿಯುವಾಗ ಎಲ್ಲ ನಿಂತುಹೋಗಿತ್ತು.

ಇದ್ದಿನಬ್ಬ ಅದರ ಕೈ ಹಿಡಿದುಕೊಂಡೇ ಕೂತಿದ್ದರು. "ನೋವಾಯ್ತಾ ಅವಳಿಗೆ?" ಎಂದು ಕೇಳಿದರು.

"ಇಲ್ಲ" ಅಂದೆ. ಆ ದಿನ ನಾನು ಆಡಿದ ನಿಜವಾದ ಮಾತು ಅದೊಂದೇ.

ಕಾರಣ ತಿಳಿಯಬೇಕೆಂದು ಬು ಸಾಲೆಮ್ ಹೇಳಿದ್ದರಿಂದ ತರಕಾರಿ ಪ್ಯಾಕ್ ಮಾಡುವ ಶೆಡ್ಡಿನಲ್ಲಿ ನಾನೊಬ್ಬನೇ ಅದನ್ನು ಕೊಯ್ದು ನೋಡಿದೆ. ಇದ್ದಿನಬ್ಬರನ್ನು ಸಿದ್ರ್ ಮರದ ಬುಡದಲ್ಲಿ ಗುಂಡಿ ತೋಡಲು ಕಳಿಸಿದೆ. ಚರ್ಮದ ಕೆಳಗೆ ನಾಲ್ಕು ಬೆರಳು ದಪ್ಪ ಕೊಬ್ಬು. ಕಿಡ್ನಿಗಳು ಎರಡೂ ನಿರ್ಮಲ, ಒಂದು ಕಲೆಯಿಲ್ಲ. ನನ್ನ 'ಕಾಯಿಲೆ' ಅಲ್ಲಿಗೇ ಸತ್ತಿತು. ಆಮೇಲೆ ಗರ್ಭಕೋಶ ಕಂಡಿತು. ಅದರಲ್ಲಿ ಎರಡು. ನನ್ನ ಹೆಬ್ಬೆರಳಿಗಿಂತ ತುಸು ದೊಡ್ಡವು, ಕೂದಲಿಲ್ಲ, ಆದರೆ ಉಗುರು ಮೂಡಿದ್ದವು. ಒಂದರ ಕೈ ಮೂಗಿನ ಮೇಲಿತ್ತು.

ಹೊರಗೆ ಗುದ್ದಲಿಯ ಸದ್ದು ಕೇಳುತ್ತಿತ್ತು. ಅವುಗಳನ್ನು ಮತ್ತೆ ಒಳಗೇ ಇಟ್ಟು, ಹೊಟ್ಟೆಯನ್ನು ಕೊನೆಯಿಂದ ಕೊನೆಗೆ ಅಚ್ಚುಕಟ್ಟಾಗಿ ಹೊಲಿದೆ.

ಹೊರಗೆ ಬಂದಾಗ ಬು ಸಾಲೆಮ್ ಕಾಯುತ್ತಿದ್ದರು. "ಕಿಡ್ನಿ" ಅಂದೆ. "ಯಾಕೆ ಹಾಗಾಯ್ತು?" ಎಂದರು. ನನ್ನ ನಾಲಿಗೆಗೆ ಆ ಹೊತ್ತಿನಲ್ಲಿ ಸಿಕ್ಕಿದ್ದು ಇದು: "ಸಿಹಿ ಜಾಸ್ತಿ ಆಗಿರಬಹುದು." ಹೇಳಿ ತಿರುಗಿದರೆ ಗುದ್ದಲಿ ಹಿಡಿದ ಇದ್ದಿನಬ್ಬ ಹಿಂದೆಯೇ ನಿಂತಿದ್ದರು. ಬು ಸಾಲೆಮ್ ಅವರನ್ನು ಬಯ್ಯಲಿಲ್ಲ. ಇದ್ದಿನಬ್ಬ ಗುದ್ದಲಿ ಕೆಳಗಿಟ್ಟು, ಹೋಗಿ, ಕೋಣೆಯ ಹೊರಗಿದ್ದ ಖರ್ಜೂರದ ಬುಟ್ಟಿಯನ್ನು ಮೇಕೆಗಳ ಮುಂದೆ ಸುರಿದು, ಖಾಲಿ ಬುಟ್ಟಿಯನ್ನು ಬೋರಲು ಹಾಕಿದರು.

ಆ ತಿಂಗಳ ಕೊನೆಗೇ ಅವರು ತೋಟ ಬಿಟ್ಟರು. ವೀಸಾ ಕೊಟ್ಟ ಕಫೀಲ್, ಬು ಸಾಲೆಮ್ ಅವರ ಕೈಕಾಲು ಹಿಡಿದು ಬಿಡುಗಡೆ ಪಡೆದು ಫರ್ವಾನಿಯಾದಲ್ಲಿ ನೆಂಟರೊಬ್ಬರ ದಿನಸಿ ಅಂಗಡಿ ಸೇರಿದರು. ಮೊದಲ ಸಲ ಖರ್ಜೂರದ ಡಬ್ಬ ತಂದಾಗ ಹೇಳಿದ್ದರು: "ನೀವು ಅಷ್ಟು ಒದ್ದಾಡಿದ್ದೀರಿ ಅವಳನ್ನು ಉಳಿಸ್ಲಿಕ್ಕೆ. ಕೊಂದದ್ದು ನನ್ನ ಕೈಯ ಖರ್ಜೂರ. ಇನ್ನು ನಾನು ತಿನ್ನುದಿಲ್ಲ, ನೀವಾದ್ರೂ ತಿನ್ನಿ." ಆಗಲೇ ಹೇಳಬೇಕಿತ್ತು. ಡಬ್ಬ ತೆಗೆದುಕೊಂಡೆ, ಅಷ್ಟೆ. ಆಮೇಲೆ ವರ್ಷ ಕಳೆದ ಹಾಗೆ ಹೇಳುವುದು ಇನ್ನೂ ಕಷ್ಟವಾಯಿತು.

ಅಷ್ಟರಲ್ಲಿ ನಾನು ಎಲ್ಲ ಓದಿಕೊಂಡಿದ್ದೆ, ಓದಬೇಕಾದ ಕಾಲ ಮುಗಿದ ಮೇಲೆ. ನಿದ್ದೆಯಲ್ಲಿರುವ ಕರಡಿ ತಿಂಗಳುಗಟ್ಟಲೆ ಉಚ್ಚೆ ಹೊಯ್ಯುವುದಿಲ್ಲ. ಯೂರಿಯಾವನ್ನು ಮೈಯೇ ಮತ್ತೆ ಮಾಂಸಕ್ಕೆ ಬಳಸಿಕೊಳ್ಳುತ್ತದೆ. ಆಗ ರಕ್ತದಲ್ಲಿ ಕ್ರಿಯಾಟಿನಿನ್ ಏರಿ ಯೂರಿಯಾ ಇಳಿದಿರುತ್ತದೆ. ನಾನು ದಾಟಿಹೋದ ಸಾಲು ಅದು. ಬೇಸಿಗೆಯಲ್ಲಿ ಗಂಡಿನ ಜೊತೆ ಕೂಡಿದರೂ ಬಸಿರು ತಕ್ಷಣ ನಿಲ್ಲುವುದಿಲ್ಲ. ಮರಿಯ ಮೊಳಕೆ ಒಳಗೇ ತೇಲುತ್ತ ಚಳಿಗಾಲದ ಬಾಗಿಲವರೆಗೆ ಕಾಯುತ್ತದೆ. ತಾಯಿಯ ಮೈಯಲ್ಲಿ ಸಾಕಷ್ಟು ಕೊಬ್ಬು ಸೇರಿದ್ದರೆ ಮಾತ್ರ ಬೇರೂರುತ್ತದೆ, ಇಲ್ಲದಿದ್ದರೆ ಕರಗಿಹೋಗುತ್ತದೆ. ಮತ್ತೆ, ಬಿಸಿ ಸೀಮೆಗಳಲ್ಲಿ ಈ ಜಾತಿಯ ಗಂಡು ಮಲಗುವುದೇ ಕಡಿಮೆಯಂತೆ. ಮಲಗುವುದು ಬಸುರಿ.

ಶುಕ್ರವಾರ ಬೆಳಿಗ್ಗೆ ಇದ್ದಿನಬ್ಬರನ್ನು ಕಾರಿನಲ್ಲಿ ಕೂರಿಸಿಕೊಂಡೆ. ಫರ್ವಾನಿಯಾದಿಂದ ಏರ್‌ಪೋರ್ಟು ಹತ್ತು ನಿಮಿಷದ ದಾರಿ. ನಾನು ಬೇಕೆಂದೇ ಸುತ್ತುಬಳಸಿ ಹೊರಟೆ.

"ದಾರಿ ತಪ್ಪಿತಾ ಡಾಕ್ಟ್ರೇ?"

ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿ ಎಲ್ಲ ಹೇಳಿದೆ. ಕಿಡ್ನಿ ಚೆನ್ನಾಗಿತ್ತು ಎಂದೆ. ಅದು ನೀವು ಹೇಳಿದ ಹಾಗೆ ಮಲಗಿತ್ತು, ಕೊಂದದ್ದು ನನ್ನ ಸೂಜಿ ಎಂದೆ. ಹೊಟ್ಟೆಯಲ್ಲಿ ಏನಿತ್ತು ಎಂದೂ ಹೇಳಿದೆ. ಅವರು ಮುಂದಿನ ಗಾಜನ್ನೇ ನೋಡುತ್ತ ಕೇಳಿಸಿಕೊಂಡರು.

"ಹಾಗಾದ್ರೆ ಖರ್ಜೂರ ಅಲ್ವಾ?"

"ಅಲ್ಲ ಭಾಯಿ. ನಿಮ್ಮ ಖರ್ಜೂರ ತಿಂದು ಮೈ ತುಂಬಿದ್ದಕ್ಕೇ ಮರಿ ನಿಂತದ್ದು. ಇಲ್ಲಿ ಹೆತ್ತರೆ ಬದುಕುತ್ತವೆ ಅಂತ ಅದರ ಮೈ ಒಪ್ಪಿಕೊಂಡಿದ್ದು ನಿಮ್ಮಿಂದ."

ಅವರ ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ನನಗೆ, ಛೆ, ಸಮಾಧಾನವೇ ಆಯಿತು. ನಾಲ್ಕು ವರ್ಷದ ಭಾರ ಇಳಿಸಿದೆ ಎಂದುಕೊಂಡೆ.

"ಎರಡಾ?" ಎಂದರು.

"ಎರಡು."

ಅವರು ಒಂದೊಂದೇ ಬೆರಳು ಮಡಚಿ ಎಣಿಸಿದರು. "ಮೊದಲು ಕರೆದೆ, ಬರ್ಲಿಲ್ಲ. ಎರಡನೇ ಸಲವೂ ಬರ್ಲಿಲ್ಲ. ಗೊತ್ತಿತ್ತು ಅವಳಿಗೆ. ಮೂರನೇ ಸಲ ಕರೆದೆ."

"ನಾನು ಹೇಳಿದ್ದಕ್ಕೆ ಕರೆದಿರಿ ಭಾಯಿ. ತಪ್ಪು ನಂದು."

"ನಿಮ್ಮ ಮಾತಿಗೆ ಎದ್ದು ಬಂದವಳಲ್ಲ ಡಾಕ್ಟ್ರೇ ಅವಳು. ನನ್ನ ದನಿಗೆ ಬಂದದ್ದು. ಮಕ್ಕಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಬಂದದ್ದು."

ಗಾಡಿಯನ್ನು ಮತ್ತೆ ರಸ್ತೆಗೆ ಇಳಿಸಿದೆ. ಖರ್ಜೂರದ ಸುಳ್ಳು ಭಾರ ತೆಗೆದು ಅದಕ್ಕಿಂತ ದೊಡ್ಡದೊಂದನ್ನು ಅವರ ಹೆಗಲಿಗೆ ಹಾಕಿದ್ದೆ. ಹಗುರಾದವನು ನಾನೊಬ್ಬನೇ. ಏರ್‌ಪೋರ್ಟಿನ ಬಾಗಿಲಲ್ಲಿ ಅವರು ನನ್ನ ಕೈ ಹಿಡಿದುಕೊಂಡರು, ಬಯ್ಯಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. ಟ್ರಾಲಿ ತಳ್ಳಿಕೊಂಡು ಒಳಗೆ ಹೋದರು.

ಊರು ಮುಟ್ಟಿದರೋ ಇಲ್ಲವೋ ಎಂದು ನಿನ್ನೆ ಮಧ್ಯಾಹ್ನ ನಾನೇ ಫೋನ್ ಮಾಡಿದೆ. ಮೂರನೆಯ ರಿಂಗಿಗೆ ಎತ್ತಿದರು. ದನಿ ಎಷ್ಟು ಸಣ್ಣದಾಗಿತ್ತೆಂದರೆ ಮೊದಲು ಸಿಗ್ನಲ್ ಇಲ್ಲವೇನೋ ಅಂದುಕೊಂಡೆ.

"ಹಲೋ, ಭಾಯಿ? ಕೇಳಿಸ್ತಿದ್ಯಾ?" ಎಂದು ಗಟ್ಟಿಯಾಗಿ ಕೂಗಿದೆ.

"ಮೆಲ್ಲ ಮಾತಾಡಿ ಡಾಕ್ಟ್ರೇ" ಎಂದರು. "ಮಗಳು ಮಲಗಿದ್ದಾಳೆ. ಊಟಕ್ಕೆ ಹೊತ್ತಾಯ್ತು, ಕರಿ ಕರಿ ಅಂತ ಎಲ್ಲ ಹೇಳ್ತಾರೆ. ನಾನು ಕರಿಯುದಿಲ್ಲ."